ದೋಷವಿರುವ ಪ್ರೂಫ್ ನಾಣ್ಯ: ಯಾವುದನ್ನು ಕೊಳ್ಳುವುದು, ಬೆಲೆ ಹೇಗೆ ಕಟ್ಟುವುದು

ಕಳೆದ ವಿಷುವಿನ ಮರುದಿನ ಬದಿಯಡ್ಕದ ಕಡೆಯ ನಿವೃತ್ತ ಅಧ್ಯಾಪಕರೊಬ್ಬರು ಕಣಿಯ ತಟ್ಟೆಯಿಂದ ಎತ್ತಿದ ಬೆಳ್ಳಿಯ ನಾಣ್ಯವೊಂದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನನ್ನ ಮನೆಗೆ ಬಂದರು. ಗಾಂಧೀಜಿಯ ಜನ್ಮಶತಾಬ್ದಿಗೆಂದು 1969ರಲ್ಲಿ ಹೊರಬಂದ ಹತ್ತು ರೂಪಾಯಿಯ ನಾಣ್ಯ ಅದು. ಸಂಗ್ರಾಹಕರಿಗೆಂದು ವಿಶೇಷವಾಗಿ ಒತ್ತುವ ಪ್ರೂಫ್ ನಾಣ್ಯದಲ್ಲಿ ಇರಬೇಕಾದ, ಟಂಕಸಾಲೆಯ ಗುರುತಾದ ‘ಬಿ’ ಅಕ್ಷರ ಇದರಲ್ಲಿ ಇಲ್ಲವೆಂದೂ, ಹೀಗೆ ಗುರುತು ಬಿಟ್ಟುಹೋದ ನಾಣ್ಯಕ್ಕೆ ಅಮೆರಿಕದಲ್ಲಿ ಕೋಟಿಗಟ್ಟಲೆ ಬೆಲೆ ಬಂದದ್ದನ್ನು ಮೊಮ್ಮಗ ಮೊಬೈಲಿನಲ್ಲಿ ತೋರಿಸಿದನೆಂದೂ ಹೇಳಿ, ಇದನ್ನು ಮಾರಬೇಕೇ, ಇಟ್ಟುಕೊಳ್ಳಬೇಕೇ ಎಂದು ಕೇಳಿದರು. ಅದೇ ತಿಂಗಳಲ್ಲಿ ಗಲ್ಫಿನಿಂದ ಮರಳಿ ಉಪ್ಪಳದಲ್ಲಿ ನೆಲೆಸಿದ ಪರಿಚಿತರೊಬ್ಬರು ಐವತ್ತು ಸಾವಿರ ರೂಪಾಯಿಯನ್ನು ಒಂದೇ ‘ಎರರ್ ಪ್ರೂಫ್’ ನಾಣ್ಯಕ್ಕೆ ಹಾಕಬಹುದೇ ಎಂದು ವಿಚಾರಿಸಿದರು. ಕುಂಬಳೆಯ ಕಾಲೇಜು ಹುಡುಗನೊಬ್ಬ ಐದು ಸಾವಿರದೊಳಗೆ ಸಂಗ್ರಹ ಶುರುಮಾಡಲು ಯಾವುದು ಒಳ್ಳೆಯದೆಂದು ಕೇಳಿದ. ಮೂವರ ಕೈಯಲ್ಲಿರುವ ಹಣ ಬೇರೆ, ಆಸೆ ಬೇರೆ. ಆದರೆ ನಾಣ್ಯವನ್ನು ಅಳೆಯುವ ಕೋಲು ಒಂದೇ ಆದುದರಿಂದ ಅದನ್ನು ಮೊದಲು ಹೇಳಿ, ಆಮೇಲೆ ಒಂದೊಂದು ಆಯ್ಕೆಯನ್ನೂ ಅದರ ಪಕ್ಕದಲ್ಲಿಟ್ಟು ನೋಡುತ್ತೇನೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡಬೇಕು. ಪ್ರೂಫ್ ಎನ್ನುವುದು ನಾಣ್ಯವನ್ನು ತಯಾರಿಸುವ ಒಂದು ಕ್ರಮ. ನಾಣ್ಯ ಎಷ್ಟು ಚೆನ್ನಾಗಿ ಉಳಿದಿದೆ ಎನ್ನುವುದಕ್ಕೆ ಆ ಹೆಸರಲ್ಲ. ಹೊಳಪು ಕೊಟ್ಟ ಬಿಲ್ಲೆಯನ್ನು, ಅಂದರೆ ಇನ್ನೂ ಚಿತ್ರ ಮೂಡದ ಲೋಹದ ತುಂಡನ್ನು, ವಿಶೇಷವಾಗಿ ಸಿದ್ಧಪಡಿಸಿದ ಅಚ್ಚುಗಳ ನಡುವೆ ಇಟ್ಟು, ಒಂದಕ್ಕಿಂತ ಹೆಚ್ಚು ಬಾರಿ ನಿಧಾನವಾಗಿ ಒತ್ತಿದಾಗ ಚಿತ್ರವಿಲ್ಲದ ಬಯಲು ಕನ್ನಡಿಯಂತೆಯೂ ಚಿತ್ರ ಮಂಜು ಕವಿದಂತೆ ಬೆಳ್ಳಗೂ ಮೂಡುತ್ತದೆ. ಹಬ್ಬಕ್ಕೆ ಮುನ್ನ ಹುಣಸೆಹುಳಿ ಹಾಕಿ ತಿಕ್ಕಿದ ನಾಣ್ಯವೂ ಫಳಫಳಿಸುತ್ತದೆ ನಿಜ. ಆದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿದರೆ ಬಯಲಿನ ತುಂಬ ಕೂದಲೆಳೆಯಂಥ ಗೀರುಗಳು ಒಂದೇ ದಿಕ್ಕಿಗೆ ಹಾಯ್ದಿರುತ್ತವೆ, ಗಾಂಧೀಜಿಯ ಕೆನ್ನೆಯ ಮೇಲೆ ಮಂಜಿನ ಬದಲು ಬೋಳು ಹೊಳಪು ಇರುತ್ತದೆ. ಅಧ್ಯಾಪಕರ ನಾಣ್ಯ ಹೀಗೆಯೇ ಇತ್ತು. ಮುಂಬೈ ಟಂಕಸಾಲೆ ತನ್ನ ಪ್ರೂಫ್ ನಾಣ್ಯಗಳಿಗೆ ಹಿಂದೆ ‘ಬಿ’ ಎಂದೂ, ಈಚೆಗೆ ‘ಎಂ’ ಎಂದೂ ಗುರುತು ಹಾಕುತ್ತ ಬಂದಿದೆ. ಚಲಾವಣೆಯ ನಾಣ್ಯಗಳಿಗೆ ವಜ್ರಾಕೃತಿ. ನೋಯ್ಡಾದ್ದು ಚುಕ್ಕೆ, ಹೈದರಾಬಾದಿನದು ಈಗ ನಕ್ಷತ್ರ. ಕೋಲ್ಕತ್ತಾದ ನಾಣ್ಯಕ್ಕೆ ಗುರುತೇ ಇರುವುದಿಲ್ಲ. ಆದುದರಿಂದ ನಮ್ಮ ದೇಶದ ನಾಣ್ಯದಲ್ಲಿ ‘ಗುರುತು ಬಿಟ್ಟುಹೋಗಿದೆ’ ಎಂದರೆ ಹತ್ತರಲ್ಲಿ ಒಂಬತ್ತು ಸಲ ಅದು ಕೋಲ್ಕತ್ತಾದಲ್ಲಿ ಹುಟ್ಟಿದ, ದೋಷವೇ ಇಲ್ಲದ ನಾಣ್ಯವಾಗಿರುತ್ತದೆ. ಅಮೆರಿಕದ ಬೆಲೆಪಟ್ಟಿಯನ್ನು ಇಲ್ಲಿಗೆ ತಂದು ಹಚ್ಚುವವರು ಎಡವುವುದು ಇಲ್ಲಿಯೇ.

ಅಳತೆಗೋಲು

ಬೆಲೆ ಕಟ್ಟುವಾಗ ನಾನು ಕೇಳುವ ಮೊದಲ ಪ್ರಶ್ನೆ, ಟಂಕಸಾಲೆಯ ಒಳಗೆ ಈ ದೋಷ ಹುಟ್ಟಲು ಸಾಧ್ಯವಿತ್ತೇ ಎನ್ನುವುದು. ದೋಷ ಹುಟ್ಟುವ ಜಾಗ ಮೂರೇ: ಅಚ್ಚು, ಬಿಲ್ಲೆ, ಒತ್ತು. ಅಚ್ಚಿನಲ್ಲಿ ಅಕ್ಷರ ಬಿಟ್ಟುಹೋಗಬಹುದು, ಅಚ್ಚು ಬಿರಿಯಬಹುದು, ಯಂತ್ರದಲ್ಲಿ ಸ್ವಲ್ಪ ತಿರುಗಿ ಕೂರಬಹುದು. ಬಿಲ್ಲೆ ಬೇರೆ ಲೋಹದ್ದೋ ಬೇರೆ ಅಳತೆಯದ್ದೋ ಆಗಿರಬಹುದು, ಅಂಚು ಕತ್ತರಿಸಿಹೋಗಿರಬಹುದು. ಒತ್ತುವಾಗ ಬಿಲ್ಲೆ ಪಕ್ಕಕ್ಕೆ ಸರಿಯಬಹುದು, ನಡುವೆ ನೂಲೋ ಎಣ್ಣೆಯ ಜಿಡ್ಡೋ ಸಿಕ್ಕಿಕೊಳ್ಳಬಹುದು. ಈ ಮೂರರಲ್ಲಿ ಯಾವುದರಿಂದಲೂ ವಿವರಿಸಲಾಗದ್ದು ಟಂಕಸಾಲೆಯಿಂದ ಹೊರಬಂದ ಮೇಲೆ ಆದ ಗಾಯ. ಅದಕ್ಕೆ ಬೆಲೆ ಇಲ್ಲ. ಪ್ರೂಫ್ ನಾಣ್ಯಗಳ ತಯಾರಿ ನಿಧಾನದ್ದು, ಒಂದೊಂದನ್ನೂ ಜತನದಿಂದ ನೋಡಿ ಪೆಟ್ಟಿಗೆಗೆ ತುಂಬುತ್ತಾರೆ. ಹೀಗಾಗಿ ಪಕ್ಕಕ್ಕೆ ಸರಿದು ಅರ್ಧಚಂದ್ರನಂತೆ ಮೂಡಿದ ಪ್ರೂಫ್ ನಾಣ್ಯ ಕಣ್ಣಿಗೆ ಬೀಳುವುದೇ ಅಪರೂಪ. ಕಣ್ಣು ತಪ್ಪಿಸಿಕೊಂಡು ಹೊರಬರುವುದು ಹೆಚ್ಚಾಗಿ ಅಚ್ಚಿನ ದೋಷ, ಏಕೆಂದರೆ ಅದು ಮೇಲ್ನೋಟಕ್ಕೆ ದೋಷದಂತೆ ಕಾಣುವುದೇ ಇಲ್ಲ.

ಎರಡನೆಯದು, ಆ ದೋಷ ಒಂಟಿಯೇ ಅಥವಾ ಸಾಲಾಗಿ ಬಂದದ್ದೇ ಎನ್ನುವುದು. ಬಿಲ್ಲೆ ಅಥವಾ ಒತ್ತಿನ ತಪ್ಪು ಆ ಒಂದು ನಾಣ್ಯಕ್ಕೆ ಸೀಮಿತ. ಸಂಗ್ರಾಹಕರು ಎರರ್ ಎನ್ನುವುದು ಇದನ್ನು. ಅಚ್ಚಿನ ತಪ್ಪು ಆ ಅಚ್ಚಿನಿಂದ ಬಂದ ಎಲ್ಲ ನಾಣ್ಯಗಳಲ್ಲೂ ಮರುಕಳಿಸುತ್ತದೆ, ಇದು ವೆರೈಟಿ. ಅಚ್ಚು ತಿರುಗಿ ಕೂತೋ, ಬಿರಿದೋ, ಜೋಡಿ ತಪ್ಪಿಯೋ ಕೆಲವೇ ನಾಣ್ಯಗಳಲ್ಲಿ ಉಳಿಯುವ ತಪ್ಪನ್ನು ಮಾತ್ರ ನಾನು ಒಂಟಿ ದೋಷದ ಜೊತೆಗೇ ಇಡುತ್ತೇನೆ. ಮಾತಿನಲ್ಲಿ ಎರಡನ್ನೂ ಬೆರೆಸುತ್ತೇವಾದರೂ ಬೆಲೆಯ ದೃಷ್ಟಿಯಿಂದ ಇವು ಎರಡು ಬೇರೆ ಜಾತಿ. ವೆರೈಟಿಯನ್ನು ಎಣಿಸಬಹುದು, ಕ್ಯಾಟಲಾಗಿಗೆ ಸೇರಿಸಬಹುದು, ಹಿಂದಿನ ಮಾರಾಟದ ಬೆಲೆಯನ್ನು ಮುಂದಿಟ್ಟು ಚೌಕಾಶಿ ಮಾಡಬಹುದು. ಎರರ್ ಒಂಟಿಯಾದುದರಿಂದ ಅದಕ್ಕೆ ಹೋಲಿಕೆ ಸಿಗುವುದಿಲ್ಲ, ಮಾರುವವನ ಬಾಯಿಯೇ ಬೆಲೆಪಟ್ಟಿ.

ಉಳಿದವು ಮೂರು: ನಾಣ್ಯದ ಸ್ಥಿತಿ, ಅದನ್ನು ನಾಳೆ ಕೊಳ್ಳುವವರು ಯಾರು ಎನ್ನುವುದು, ಮತ್ತು ದೋಷವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ನಾಣ್ಯಕ್ಕೆ ಉಳಿಯುವ ತಳಬೆಲೆ. ತಳಬೆಲೆಯನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. 1969ರ ಹತ್ತು ರೂಪಾಯಿ 15 ಗ್ರಾಂ ತೂಗುತ್ತದೆ, ಅದರಲ್ಲಿ ನೂರಕ್ಕೆ 80 ಭಾಗ ಬೆಳ್ಳಿ, ಅಂದರೆ 12 ಗ್ರಾಂ. ಈಚಿನ ದಶಕಗಳಲ್ಲಿ ಸ್ಮಾರಕವಾಗಿ ಹೊರಟ ನೂರು ರೂಪಾಯಿಯ ಬಹುತೇಕ ನಾಣ್ಯಗಳು 44 ಮಿಲಿಮೀಟರ್ ಅಗಲ, 35 ಗ್ರಾಂ ತೂಕದವು. ಅರ್ಧದಷ್ಟು ಬೆಳ್ಳಿ, ಉಳಿದದ್ದು ತಾಮ್ರ, ನಿಕ್ಕಲ್, ಸತು. ಹದಿನೇಳೂವರೆ ಗ್ರಾಂ ಬೆಳ್ಳಿಯ ಅಂದಿನ ದರವನ್ನು ಪತ್ರಿಕೆಯಲ್ಲಿ ನೋಡಿಕೊಂಡರೆ, ಮಾರುವವನು ಹೇಳುವ ಬೆಲೆಯಲ್ಲಿ ಲೋಹಕ್ಕೆ ಎಷ್ಟು, ದೋಷದ ಕಥೆಗೆ ಎಷ್ಟು ಎನ್ನುವುದು ಬೇರೆಬೇರೆಯಾಗಿ ಕಾಣುತ್ತದೆ. ಇದು ಬೆಲೆಯನ್ನು ಅಳೆಯುವುದಕ್ಕೆ ಮಾತ್ರ. ನಾಣ್ಯವನ್ನು ಕರಗಿಸುವುದು 2011ರ ನಾಣ್ಯ ಕಾಯಿದೆಯ ಪ್ರಕಾರ ಅಪರಾಧ.

ದೋಷವಿಲ್ಲದ ಪ್ರೂಫ್ ಸೆಟ್

ಟಂಕಸಾಲೆಯೇ ಪೆಟ್ಟಿಗೆಯಲ್ಲಿಟ್ಟು ಮಾರುವ ಸ್ಮಾರಕ ಪ್ರೂಫ್ ಸೆಟ್ ಇಲ್ಲಿ ನೋಡುವ ಆಯ್ಕೆಗಳಲ್ಲೆಲ್ಲ ಸುರಕ್ಷಿತ. ಅಸಲಿಯೋ ಎಂಬ ಅನುಮಾನ ಕಡಿಮೆ, ತಳಬೆಲೆ ಗಟ್ಟಿ, ಕಾದಿಟ್ಟುಕೊಂಡರೆ ಸಾಕು. ಆದರೆ ಲಾಭದ ನಿರೀಕ್ಷೆಯಿಂದ ಕೊಳ್ಳುವವರಿಗೆ ಬೇಸರ ತರಬಹುದು, ಏಕೆಂದರೆ ಟಂಕಸಾಲೆಯ ಮಾರಾಟದ ಬೆಲೆಯಲ್ಲಿ ಪೆಟ್ಟಿಗೆ, ತಯಾರಿಯ ಖರ್ಚು ಎಲ್ಲವೂ ಸೇರಿರುತ್ತದೆ, ಮರುಮಾರಾಟದಲ್ಲಿ ಅದಷ್ಟೂ ಮರಳುವುದಿಲ್ಲ. ದೋಷವನ್ನು ಗುರುತಿಸಲು ಕಲಿಯಬೇಕೆನ್ನುವವರು ಮಾತ್ರ ಒಂದು ಒಳ್ಳೆಯ ಪ್ರೂಫನ್ನು ಕೈಯಲ್ಲಿಟ್ಟುಕೊಳ್ಳಲೇಬೇಕು. ಸರಿಯಾದದ್ದು ಹೇಗಿರುತ್ತದೆ ಎಂದು ನೂರು ಸಲ ನೋಡದ ಕಣ್ಣಿಗೆ ತಪ್ಪು ಕಾಣುವುದಿಲ್ಲ.

ಚಲಾವಣೆಯ ನಾಣ್ಯದ ದೋಷ

ಕಡಿಮೆ ಹಣದಲ್ಲಿ ಹೆಚ್ಚು ಕಲಿಸುವುದು ಇದೇ. ಅಂಚು ಕತ್ತರಿಸಿದ್ದು, ಪಕ್ಕಕ್ಕೆ ಸರಿದದ್ದು, ಎರಡು ಸಲ ಒತ್ತಿದ್ದು, ಎರಡೂ ಬದಿ ಒಂದಕ್ಕೊಂದು ತಿರುಗಿ ಮೂಡಿದ್ದು ಎಲ್ಲವೂ ಇಲ್ಲಿ ಸಿಗುತ್ತವೆ. ನಮ್ಮ ನಾಣ್ಯವನ್ನು ಮೇಲಿನ ಮತ್ತು ಕೆಳಗಿನ ಅಂಚಿನಲ್ಲಿ ಹಿಡಿದು ಎಡದಿಂದ ಬಲಕ್ಕೆ ತಿರುಗಿಸಿದರೆ ಹಿಂಬದಿಯೂ ನೆಟ್ಟಗೇ ನಿಂತಿರಬೇಕು. ಹತ್ತು ಹದಿನೈದು ಡಿಗ್ರಿ ಓರೆಯಾಗಿದ್ದರೆ ಅದಕ್ಕೆ ಯಾರೂ ಹೆಚ್ಚು ಕೊಡುವುದಿಲ್ಲ. 90 ಡಿಗ್ರಿಗೆ, ಅದಕ್ಕಿಂತಲೂ 180 ಡಿಗ್ರಿಗೆ ತಿರುಗಿದ್ದರೆ ಮಾತು ಬೇರೆ. ನಾಣ್ಯ ವ್ಯಾಪಾರಿಗಳು ‘ಲಾಖಿ’ ಎನ್ನುವ ದೋಷಕ್ಕೆ ಇನ್ನೂ ಹೆಚ್ಚಿನ ಬೇಡಿಕೆ ಇದೆ. ಮೊದಲು ಒತ್ತಿದ ನಾಣ್ಯ ಅಚ್ಚಿಗೇ ಅಂಟಿಕೊಂಡು, ನಂತರದ ಬಿಲ್ಲೆಗೆ ಅದೇ ಅಚ್ಚಿನಂತೆ ಒತ್ತಿದಾಗ ಒಂದೇ ಚಿತ್ರ ಒಂದು ಬದಿಯಲ್ಲಿ ಉಬ್ಬಾಗಿಯೂ ಇನ್ನೊಂದು ಬದಿಯಲ್ಲಿ ತಗ್ಗಾಗಿ, ಕನ್ನಡಿಯ ಪ್ರತಿಬಿಂಬದಂತೆ ತಿರುಗುಮುರುಗಾಗಿಯೂ ಮೂಡುತ್ತದೆ. ಎರಡು ನಾಣ್ಯಗಳನ್ನು ಹಿಡಿಯಿಕ್ಕಳದಲ್ಲಿ ಒತ್ತಿ ನಕಲಿ ಲಾಖಿ ಮಾಡುವವರಿದ್ದಾರೆ. ಹಾಗೆ ಮಾಡಿದಾಗ ಎದುರುಬದಿಯ ಉಬ್ಬು ಚಪ್ಪಟೆಯಾಗುತ್ತದೆ, ಆದುದರಿಂದ ಲಾಖಿಯನ್ನು ನೋಡುವಾಗ ಮೊದಲು ನೋಡಬೇಕಾದದ್ದು ದೋಷವಿಲ್ಲದ ಬದಿಯನ್ನೇ.

ಇದಕ್ಕೆ ನಾನು ತೆತ್ತ ಶುಲ್ಕವನ್ನೂ ಹೇಳುತ್ತೇನೆ. ವರ್ಷಗಳ ಹಿಂದೆ ಎರಡೂ ಬದಿಯಲ್ಲಿ ಸಿಂಹವಿರುವ, ಹಳೆಯ ದಪ್ಪನೆಯ ಐದು ರೂಪಾಯಿಯ ನಾಣ್ಯವೊಂದನ್ನು ಮೂರು ಸಾವಿರಕ್ಕೆ ಕೊಂಡೆ. ತೂಕ 9 ಗ್ರಾಂ ಇರಬೇಕಿತ್ತು. ಊರಿನ ಆಚಾರಿಯ ತಕ್ಕಡಿಯಲ್ಲಿಟ್ಟಾಗ ಎಂಟೂಮುಕ್ಕಾಲೂ ತೂಗಲಿಲ್ಲ. ಅವರು ಅದನ್ನು ಕಲ್ಲಿನ ಮೇಲೆ ಬೀಳಿಸಿದರು. ನಾದ ಬರಲಿಲ್ಲ, ಟಪ್ಪೆಂದಿತು. ಬಿಸಿಲಿಗೆ ಹಿಡಿದು ಓರೆಮಾಡಿದಾಗ ಅಂಚಿನ ಒಳಗೋಡೆಗೆ ಹೊಂದಿಕೊಂಡು ಸುತ್ತಲೂ ಹೋದ ಕೂದಲಿನಷ್ಟು ಸಣ್ಣ ಗೆರೆಯೊಂದು ಕಂಡಿತು: ಒಂದು ನಾಣ್ಯದ ಹೊಟ್ಟೆ ಕೊರೆದು, ಇನ್ನೊಂದರ ಅಂಚು ಕಡಿದು, ಒಳಗೆ ಕೂರಿಸಿದ್ದರು. ಅಂದಿನಿಂದ ತೂಕ ನೋಡದೆ ಯಾವ ದೋಷನಾಣ್ಯವನ್ನೂ ಕೊಂಡಿಲ್ಲ. ನೂರನೆಯ ಒಂದು ಗ್ರಾಂ ತೋರಿಸುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ಈಗ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಮೊದಲ ಎರರ್ ನಾಣ್ಯಕ್ಕಿಂತ ಮುಂಚೆ ಅದು ಮನೆಗೆ ಬರಬೇಕು.

ಬ್ರಿಟಿಷ್ ಕಾಲದ ಪ್ರೂಫ್, ಅದರ ರೀಸ್ಟ್ರೈಕ್

ವಿಕ್ಟೋರಿಯಾ, ಎಡ್ವರ್ಡ್, ಜಾರ್ಜ್ ಕಾಲದ ಪ್ರೂಫ್ ನಾಣ್ಯಗಳ ಮೋಹ ದೊಡ್ಡದು, ಅಪಾಯವೂ ಅಷ್ಟೇ. ಆ ಅಚ್ಚುಗಳನ್ನು ಇಟ್ಟುಕೊಂಡು ನಮ್ಮ ಟಂಕಸಾಲೆಗಳು ಬಹುಕಾಲದ ನಂತರವೂ ಸಂಗ್ರಾಹಕರಿಗಾಗಿ ಮತ್ತೆ ಒತ್ತಿಕೊಟ್ಟವು, ಇವೇ ರೀಸ್ಟ್ರೈಕ್. ನಾಣ್ಯದ ಮೇಲಿನ ಇಸವಿ ಒಂದೇ, ಹುಟ್ಟಿದ ಕಾಲ ಬೇರೆ, ಬೆಲೆಯಲ್ಲಿ ಅಜಗಜಾಂತರ. ಅಚ್ಚಿಗೆ ಹಿಡಿದ ತುಕ್ಕು ನಾಣ್ಯದ ಮೇಲೆ ಸಣ್ಣ ಉಬ್ಬು ಚುಕ್ಕೆಗಳಾಗಿ ಮೂಡಿರುವುದು, ತುಕ್ಕು ತೆಗೆಯಲು ಅಚ್ಚನ್ನು ಮತ್ತೆ ಉಜ್ಜಿದ ಗೆರೆಗಳು, ಆ ಇಸವಿಗೆ ಸೇರದ ಮುಂಬದಿ ಇರುವುದು ಇವೆಲ್ಲ ರೀಸ್ಟ್ರೈಕ್‌ನ ಸುಳಿವು. ಈ ಸುಳಿವನ್ನೇ ‘ಅಪರೂಪದ ಎರರ್’ ಎಂದು ತಿರುಗಿಸಿ ಮಾರುವುದುಂಟು. ಅಂದದ ನಾಣ್ಯ ಬೇಕು, ರೀಸ್ಟ್ರೈಕ್ ಎಂದು ತಿಳಿದೇ ಕೊಳ್ಳುತ್ತೇನೆ ಎನ್ನುವವರಿಗೆ ಇದು ಒಳ್ಳೆಯ ಆಯ್ಕೆ. ಮೂಲ ಪ್ರೂಫಿನ ಬೆಲೆ ಕೊಡುವುದಾದರೆ ಗ್ರೇಡಿಂಗ್ ಆಗದ, ಅಂದರೆ ಪರೀಕ್ಷಿಸುವ ಸಂಸ್ಥೆಯಿಂದ ದರ್ಜೆ ಪಡೆಯದ ನಾಣ್ಯವನ್ನು ಮುಟ್ಟಬಾರದು.

ಇಲ್ಲಿ ಇನ್ನೊಂದು ತೊಡಕಿದೆ. ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯಿದೆಯ ಅಡಿಯಲ್ಲಿ ಪ್ರಾಚ್ಯವಸ್ತುವಾಗುತ್ತದೆ, ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಗಲ್ಫಿನಲ್ಲಿರುವ ಅಣ್ಣನ ಕೈಯಲ್ಲಿ ಕೊಟ್ಟು ಅಲ್ಲಿ ಮಾರಿಸುವ ಯೋಚನೆ ನಮ್ಮ ಊರುಗಳಲ್ಲಿ ಸಾಮಾನ್ಯ, ಅದನ್ನು ಕೈಬಿಡಬೇಕು.

ಪ್ರೂಫ್ ವೆರೈಟಿ

ಅಧ್ಯಾಪಕರ ಮೊಮ್ಮಗ ತೋರಿಸಿದ ಕಥೆ ಈ ಗುಂಪಿಗೆ ಸೇರಿದ್ದು. ಅಮೆರಿಕದಲ್ಲಿ 1968ರಿಂದ ಪ್ರೂಫ್ ನಾಣ್ಯಗಳನ್ನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒತ್ತಿ ‘ಎಸ್’ ಗುರುತು ಹಾಕತೊಡಗಿದರು. ಆಗ ಆ ಗುರುತನ್ನು ಒಂದೊಂದು ಅಚ್ಚಿನ ಮೇಲೂ ಕೈಯಿಂದ ಕೂರಿಸಬೇಕಾಗಿತ್ತು; ಒಂದು ಅಚ್ಚಿಗೆ ಮರೆತರೆ ಆ ಅಚ್ಚು ಸವೆಯುವವರೆಗೆ ಬಂದ ನಾಣ್ಯಗಳೆಲ್ಲ ಗುರುತಿಲ್ಲದವು. 1968, 1970, 1975 ಮತ್ತು 1983ರ ಹತ್ತು ಸೆಂಟಿನಲ್ಲಿ, 1971ರ ಐದು ಸೆಂಟಿನಲ್ಲಿ ಹೀಗಾಯಿತು; ಗುರುತನ್ನು ಕೈಯಿಂದ ಕೂರಿಸುವ ಕ್ರಮ ನಿಂತ ಮೇಲೂ ಕೊನೆಗೆ 1990ರ ಒಂದು ಸೆಂಟಿನಲ್ಲಿ ಗುರುತು ಬಿಟ್ಟುಹೋಯಿತು. 1971ರದು ಸುಮಾರು 1,655 ನಾಣ್ಯಗಳೆಂಬುದು ಅಂದಾಜು. 1975ರ ಹತ್ತು ಸೆಂಟು ತಿಳಿದಿರುವಂತೆ ಎರಡೇ ಎರಡು, ಅವುಗಳಲ್ಲೊಂದು 2019ರಲ್ಲಿ 4,56,000 ಡಾಲರಿಗೆ ಹರಾಜಾಯಿತು. ಈ ಬೆಲೆಯನ್ನು ಕಟ್ಟಿದ್ದು ದೋಷ ಒಂದೇ ಅಲ್ಲ. ಹತ್ತು ಸೆಂಟಿನ ಸರಣಿಯನ್ನು ವರ್ಷವಾರು ಜೋಡಿಸುವ ಸಂಗ್ರಾಹಕರು ಅಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ, ಆ ಸರಣಿಯ ಆಲ್ಬಮ್ಮಿನಲ್ಲಿ ಒಂದು ಕುಳಿ ಖಾಲಿ ಉಳಿದಿದೆ, ತುಂಬಲು ಇರುವುದು ಎರಡು ನಾಣ್ಯ. ನಮ್ಮಲ್ಲಿ ಒಂದೇ ಒಂದು ಇರುವ ಪ್ರೂಫ್ ದೋಷಕ್ಕೂ ಅಂಥ ಬೆಲೆ ಬರುವುದಿಲ್ಲವೇಕೆ ಎಂದು ಕೇಳುವವರಿಗೆ ಉತ್ತರ ಇದರಲ್ಲಿಯೇ ಇದೆ: ಅದಕ್ಕೆಂದು ಯಾವ ಆಲ್ಬಮ್ಮಿನಲ್ಲೂ ಕುಳಿ ಬಿಟ್ಟಿಲ್ಲ.

ಪ್ರೂಫ್ ಅಲ್ಲದಿದ್ದರೂ ವೆರೈಟಿಗೆ ನಮ್ಮದೇ ಒಳ್ಳೆಯ ಉದಾಹರಣೆ 1911ರ ‘ಹಂದಿ ರೂಪಾಯಿ’. ಐದನೆಯ ಜಾರ್ಜನ ನಿಲುವಂಗಿಯ ಮೇಲಿನ ಆನೆ ಜನರ ಕಣ್ಣಿಗೆ ಹಂದಿಯಂತೆ ಕಂಡು ಗದ್ದಲವೆದ್ದಿತು. ಒತ್ತಿದ 90 ಲಕ್ಷಕ್ಕೂ ಮಿಕ್ಕಿದ ನಾಣ್ಯಗಳಲ್ಲಿ ಹೊರಬಂದದ್ದು ಸುಮಾರು 7 ಲಕ್ಷ, ಮರುವರ್ಷ ಸೊಂಡಿಲು ಸ್ಪಷ್ಟವಾಗಿ ಕಾಣುವಂತೆ ಅಚ್ಚನ್ನು ತಿದ್ದಿದರು. ಏಳು ಲಕ್ಷವೆಂದರೆ ಅಪರೂಪವೇನಲ್ಲ. ಆದರೂ ಕಥೆ ಎಲ್ಲರಿಗೂ ಗೊತ್ತು, ಕೊಳ್ಳುವವರು ಯಾವಾಗಲೂ ಇದ್ದಾರೆ, ಇಂದು ಕೊಂಡದ್ದನ್ನು ನಾಳೆ ಮಾರಬಹುದು. ವೆರೈಟಿಯ ಬಲ ಇದು. ಅದರ ಕುಂದೆಂದರೆ ಅಗ್ಗಕ್ಕೆ ಸಿಗುವುದು ಕಷ್ಟ, ಏಕೆಂದರೆ ಮಾರುವವನಿಗೂ ಬೆಲೆ ಗೊತ್ತಿರುತ್ತದೆ.

ಒಂಟಿ ದೋಷದ ಪ್ರೂಫ್

ಬೇರೆ ಬಿಲ್ಲೆಯ ಮೇಲೆ ಒತ್ತಿದ ಪ್ರೂಫ್, ಎರಡು ಬದಿ ಪೂರಾ ತಿರುಗಿದ ಪ್ರೂಫ್, ಬೇರೆ ನಾಣ್ಯದ ಹಿಂಬದಿ ಸೇರಿಕೊಂಡ ಪ್ರೂಫ್ ಇವು ಈ ಗುಂಪಿನ ಮೇಲ್ಪಂಕ್ತಿ. ಬಿರಿದ ಅಚ್ಚಿನ ಉಬ್ಬುಗೆರೆ ನಡುವಿನದು. ನೂಲು ಸಿಕ್ಕಿ ಮೂಡಿದ ತಗ್ಗುಗೆರೆ, ಒಂದು ಅಕ್ಷರದ ಮೇಲೆ ಮಂಜು ಇಲ್ಲದಿರುವುದು ಇವು ಕೊನೆಯವು. ಇಂಥವಕ್ಕೆ ಹೆಚ್ಚು ಕೊಡಬಾರದು, ಹಲವು ಸಲ ಇವು ಸ್ಥಿತಿಯ ಅಂಕವನ್ನು ಇಳಿಸುವ ಕುಂದುಗಳೇ ಹೊರತು ಬೆಲೆ ಏರಿಸುವ ದೋಷಗಳಲ್ಲ. ಮೇಲ್ಪಂಕ್ತಿಯ ದೋಷಕ್ಕೂ ನಾನು ಬೆಲೆ ಕಟ್ಟುವ ಕ್ರಮ ಒಂದೇ. ಅದೇ ಪ್ರೂಫಿನ ಸಾಮಾನ್ಯ ಬೆಲೆಯನ್ನು ಕೆಳಗಿಡುತ್ತೇನೆ. ಅದೇ ಬಗೆಯ ದೋಷ ಚಲಾವಣೆಯ ನಾಣ್ಯದ ಬೆಲೆಯನ್ನು ಎಷ್ಟು ಪಟ್ಟು ಏರಿಸಿದೆ ಎಂದು ಹಳೆಯ ಹರಾಜುಗಳಲ್ಲಿ ಹುಡುಕುತ್ತೇನೆ. ಪ್ರೂಫಿನಲ್ಲಿ ದೋಷ ವಿರಳವೆಂದು ಸ್ವಲ್ಪ ಹೆಚ್ಚಿಸಿ, ಕೊಳ್ಳುವವರು ವಿರಳವೆಂದು ಮತ್ತೆ ಇಳಿಸುತ್ತೇನೆ. ಕೊನೆಗೆ ಬರುವುದು ಖಚಿತ ಅಂಕಿಯಲ್ಲ, ಒಂದು ಮೇಲ್ಮಿತಿ. ಹರಾಜಿನಲ್ಲಿ ಅದನ್ನು ದಾಟಿದರೆ ಕೈ ಕೆಳಗಿಳಿಸಬೇಕು.

ಹರಾಜಿನ ಅಂಕಿಯನ್ನು ಓದುವಾಗಲೂ ಎಚ್ಚರ ಬೇಕು. ಸುತ್ತಿಗೆ ಬಿದ್ದ ಬೆಲೆಯ ಮೇಲೆ ಕೊಳ್ಳುವವನು ಕಮಿಷನ್ ಮತ್ತು ತೆರಿಗೆ ಕೊಡುತ್ತಾನೆ, ಮಾರುವವನ ಪಾಲಿನಿಂದಲೂ ಕಮಿಷನ್ ಕಡಿತವಾಗಬಹುದು. ಇಪ್ಪತ್ತು ಸಾವಿರಕ್ಕೆ ಹೋಯಿತು ಎನ್ನುವ ನಾಣ್ಯ ಒಬ್ಬನಿಗೆ ಇಪ್ಪತ್ತಮೂರು ಬಿದ್ದು ಇನ್ನೊಬ್ಬನಿಗೆ ಹದಿನೆಂಟು ಸಿಕ್ಕಿರಬಹುದು. ಅಂತರಜಾಲದಲ್ಲಿ ‘ಮಾರಾಟಕ್ಕಿದೆ’ ಎಂದು ಹಾಕಿದ ಬೆಲೆ ಬೆಲೆಯೇ ಅಲ್ಲ. ಮಾರಾಟವಾದದ್ದನ್ನು ಮಾತ್ರ ಎಣಿಸಬೇಕು. ವೈಷ್ಣೋದೇವಿಯ ಚಿತ್ರವಿರುವ ಐದು ರೂಪಾಯಿಗೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಶುಲ್ಕ ಕಳುಹಿಸಿ ಎನ್ನುವ ಕರೆಗಳು ನಮ್ಮ ಕಡೆಗೂ ಬಂದಿವೆ. ತನ್ನ ಹೆಸರು ಹೇಳಿ ಇಂಥ ಶುಲ್ಕ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿಯೇ ಪ್ರಕಟಣೆ ಹೊರಡಿಸಿದೆ.

ಸ್ಲ್ಯಾಬ್ ಬೇಕೇ, ಬಿಡಿ ನಾಣ್ಯ ಸಾಕೇ

ಎನ್‌ಜಿಸಿ, ಪಿಸಿಜಿಎಸ್‌ನಂಥ ಸಂಸ್ಥೆಗಳು ನಾಣ್ಯವನ್ನು ಪರೀಕ್ಷಿಸಿ, 70 ಅಂಕದವರೆಗಿನ ಮಾಪನದಲ್ಲಿ ದರ್ಜೆ ಕೊಟ್ಟು, ದೋಷವಿದ್ದರೆ ಅದನ್ನೂ ಚೀಟಿಯಲ್ಲಿ ಬರೆದು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಕೊಡುತ್ತವೆ, ಇದೇ ಸ್ಲ್ಯಾಬ್. ಚೀಟಿಯ ಸಂಖ್ಯೆಯನ್ನು ಅವರ ಜಾಲತಾಣದಲ್ಲಿ ಹಾಕಿ ಚಿತ್ರವನ್ನು ಹೋಲಿಸುವುದು ಕೊಳ್ಳುವವರ ಕರ್ತವ್ಯ, ಏಕೆಂದರೆ ಸ್ಲ್ಯಾಬಿಗೂ ನಕಲಿ ಬಂದಿದೆ. ಗ್ರೇಡಿಂಗ್ ಮತ್ತು ಸಾಗಾಟದ ಖರ್ಚು ನಾಣ್ಯದ ಬೆಲೆಯ ಕಾಲುಭಾಗ ದಾಟುವುದಾದರೆ ಬಿಡಿಯಾಗಿಯೇ ಇರಲಿ ಎನ್ನುವುದು ನನ್ನ ರೂಢಿ; ಒಂಟಿ ದೋಷದ ಪ್ರೂಫಿಗೆ ಮಾತ್ರ ಈ ರಿಯಾಯಿತಿ ಇಲ್ಲ.

ಕರಾವಳಿಯ ಮಳೆಗಾಲ ಸ್ಲ್ಯಾಬಿನ ಪರವಾಗಿ ವಾದಿಸುವ ಮತ್ತೊಬ್ಬ ವಕೀಲ. ಅಂಗಡಿಯಲ್ಲಿ ಸಿಗುವ ಮೆದು ಪಿವಿಸಿ ಚೀಲದೊಳಗಿಟ್ಟ ನಾಣ್ಯಕ್ಕೆ ನಾಲ್ಕಾರು ಆಟಿತಿಂಗಳು ಕಳೆಯುವಷ್ಟರಲ್ಲಿ ಹಸಿರು ಜಿಡ್ಡು ಹಿಡಿಯುತ್ತದೆ. ಪ್ರೂಫಿನ ಕನ್ನಡಿಬಯಲಿನ ಮೇಲೆ ಹೆಬ್ಬೆರಳಿನ ಗುರುತು ಒಮ್ಮೆ ಕೂತರೆ ವರ್ಷದೊಳಗೆ ಕಂದುಬಣ್ಣಕ್ಕೆ ತಿರುಗಿ ಶಾಶ್ವತವಾಗುತ್ತದೆ. ಪಿವಿಸಿ ಇಲ್ಲದ ಗಟ್ಟಿ ಡಬ್ಬಿ, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್, ಕೈಗೆ ಹತ್ತಿಯ ಗವಸು, ಅಂಚಿನಲ್ಲಿ ಮಾತ್ರ ಹಿಡಿಯುವ ಅಭ್ಯಾಸ ಇವಿಷ್ಟು ಇಲ್ಲದ ಮನೆಯಲ್ಲಿ ಬೆಲೆಬಾಳುವ ಬಿಡಿ ಪ್ರೂಫ್ ಇಡಬಾರದು.

ಆ ಮೂವರಿಗೆ ಹೇಳಿದ್ದು

ಕುಂಬಳೆಯ ಹುಡುಗನಿಗೆ ಚಲಾವಣೆಯ ನಾಣ್ಯಗಳ ದೋಷವನ್ನೇ ಸೂಚಿಸಿದೆ: ತಕ್ಕಡಿ, ಭೂತಗನ್ನಡಿ, ಸಾಧಾರಣ ಬೆಲೆಯ ಒಂದು ಪ್ರೂಫ್, ಉಳಿದದ್ದಕ್ಕೆ ಮೂರೂ ಮೂಲದ ಒಂದೊಂದು ದೋಷ. ಅಧ್ಯಾಪಕರ ನಾಣ್ಯ ಪ್ರೂಫೂ ಅಲ್ಲ, ದೋಷದ್ದೂ ಅಲ್ಲ. ಹುಣಸೆಹುಳಿಯ ನಂತರ ಅದಕ್ಕೆ ಉಳಿದದ್ದು ಹನ್ನೆರಡು ಗ್ರಾಂ ಬೆಳ್ಳಿಯ ಲೆಕ್ಕ ಮತ್ತು ಐವತ್ತಕ್ಕೂ ಮಿಕ್ಕಿದ ವಿಷುಗಳ ನೆನಪು. ಅವರು ಅದನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿಕೊಂಡರು.

ಉಪ್ಪಳದವರದೇ ಕಷ್ಟದ ಪ್ರಶ್ನೆ. ಐವತ್ತು ಸಾವಿರ ಐದಾರು ವರ್ಷ ಬೇಡದ ಹಣವಾದರೆ, ನೋಡಿ ಸಂತೋಷಪಡುವುದೇ ಮುಖ್ಯವಾದರೆ ಒಂಟಿ ದೋಷದ ಪ್ರೂಫ್ ಕೊಳ್ಳಬಹುದು. ಮಗಳ ಮದುವೆಯ ಹೊತ್ತಿಗೆ ಮಾರಬೇಕಾದೀತು ಎಂಬ ಯೋಚನೆ ಇದ್ದರೆ ಕ್ಯಾಟಲಾಗಿನಲ್ಲಿರುವ, ಸ್ಲ್ಯಾಬಿನ ಒಳಗಿರುವ ವೆರೈಟಿಯೇ ಲೇಸು ಎಂದೆ. ಅವರ ಮನಸ್ಸು ಮೊದಲನೆಯದರ ಕಡೆಗೇ ಇದೆ. ಎರಡು ಬದಿ ತಿರುಗಿದ ನೂರು ರೂಪಾಯಿಯ ಪ್ರೂಫೊಂದನ್ನು ದೂರದ ಊರಿನ ವ್ಯಾಪಾರಿಯೊಬ್ಬರು ಚಿತ್ರದಲ್ಲಿ ತೋರಿಸಿದ್ದಾರೆ. ಚಿತ್ರದಲ್ಲಿ ಅಂಚು ಕಾಣುವುದಿಲ್ಲ. ಅಂಚಿನ ಚಿತ್ರವನ್ನೂ, 35 ಗ್ರಾಂ ಇದೆಯೇ ಎಂದು ತಕ್ಕಡಿಯ ಮೇಲಿಟ್ಟ ಚಿತ್ರವನ್ನೂ ಕೇಳಿ ಹತ್ತು ದಿನವಾಯಿತು, ಇನ್ನೂ ಬಂದಿಲ್ಲ.